ಕೊನೆಯ ಸೊನ್ನೆಯ ಮಹಿಮೆ

ಗುಟ್ಟು ಕಾಪಾಡುವುದನ್ನು ಯಾರಾದರೂ ಕಲಿಯಬೇಕೆಂದರೆ ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಆನ್‌ಲೈನ್ ಅಂಗಡಿಯ ಆಫೀಸಿಗೆ ಹೋಗಬೇಕು. ನೀವು ವಿಜಯನಗರದ ಮನೆಯಲ್ಲಿ ಕೂತು ಇವರ ಸೈಟಿನಲ್ಲಿ ಮಿಕ್ಸಿಯ ಬೆಲೆ ನೋಡಿದಿರಿ ಅನ್ನಿ, ನಿಮ್ಮ ಐಪಿ ವಿಳಾಸ ಅವರ ಕೈಗೆ ಸಿಗುತ್ತದೆ: ನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳು. ಬೇರೆಯವರಾದರೆ ದುರಾಸೆಗೆ ಬೀಳುತ್ತಿದ್ದರು. ಇವರು ನಾಲ್ಕನೆಯದನ್ನು ಒರೆಸಿ ಸೊನ್ನೆ ಹಾಕಿಬಿಡುತ್ತಾರೆ. ಅಲ್ಲಿಂದಾಚೆಗೆ ನೀವು 256 ವಿಳಾಸಗಳ ಜಾತ್ರೆಯಲ್ಲಿ ಕಳೆದುಹೋದಿರಿ. ನಿಮ್ಮನ್ನು ಪತ್ತೆ ಹಚ್ಚುವ ಗಂಡು ಹುಟ್ಟಿಲ್ಲ.

ಬಸವೇಶ್ವರನಗರದ ಮನೆಗೆ ದಾರಿ ಹೇಳುವಾಗ ಸ್ಟೇಜು, ಕ್ರಾಸು, ಎದುರಿನ ದೇವಸ್ಥಾನ, ಹಸಿರು ಗೇಟು ಎಲ್ಲ ಹೇಳಿ ಡೋರ್ ನಂಬರೊಂದನ್ನು ನುಂಗಿಕೊಂಡರೆ ಎಷ್ಟು ಗುಟ್ಟು ಉಳಿಯುತ್ತದೋ, ಇಲ್ಲೂ ಅಷ್ಟು ಉಳಿಯುತ್ತದೆ. ಐಪಿ ವಿಳಾಸ ಬರೆದಿಟ್ಟ ಸಾಲಿನಲ್ಲೇ ನಿಮ್ಮ ಫೋನಿನ ಮಾಡೆಲ್ಲು, ಬ್ರೌಸರು, ಸೆಕೆಂಡಿನ ಸಮೇತ ಸಮಯ, ಪಕ್ಕದ ಕೋಷ್ಟಕದಲ್ಲಿ ಹೆಸರು, ಮೊಬೈಲು, 560040 ಎಂಬ ಪಿನ್‌ಕೋಡು. ಇರಲಿ ಬಿಡಿ. ಅವ್ಯಾವುವೂ ಐಪಿ ವಿಳಾಸ ಅಲ್ಲವಲ್ಲ.

ಮುಂದುವರಿದ ಕಂಪನಿಗಳು ವಿಳಾಸವನ್ನು ಹ್ಯಾಷ್ ಮಾಡುತ್ತವೆ. ತಲೆಬುಡವಿಲ್ಲದ 64 ಅಕ್ಷರಗಳ ಸಾಲು ಬರುತ್ತದೆ, ನೋಡಿದರೇ ಭಕ್ತಿ ಹುಟ್ಟಬೇಕು. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿನಲ್ಲಿ ಇರುವುದೇ ಸುಮಾರು 430 ಕೋಟಿ. ಎಲ್ಲವನ್ನೂ ಹ್ಯಾಷ್ ಮಾಡಿ ತಾಳೆ ನೋಡಲು ಒಂದು ಒಳ್ಳೆಯ ಕಂಪ್ಯೂಟರಿಗೆ ಕಾಫಿ ಆರುವಷ್ಟು ಹೊತ್ತೂ ಬೇಡ. ಗುಪ್ತ ಕೀಲಿ ಸೇರಿಸಿ, ಅದನ್ನು ದಿನಾ ಬದಲಿಸಿ, ಹಳೆಯದನ್ನು ಎಸೆದರೆ ಗಟ್ಟಿಯಾಗುತ್ತದೆ ಎಂದು ಹೊಸದಾಗಿ ಸೇರಿದ ಹುಡುಗರು ಹೇಳುತ್ತಾರೆ. ಹೊಸಬರು, ಕಲಿಯುತ್ತಾರೆ.

ಕಾನೂನಿಗೆ ಇವರು ತೋರಿಸುವ ವಿಧೇಯತೆಯಂತೂ ಕಣ್ಣಿಗೊತ್ತಿಕೊಳ್ಳುವಂಥದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೆಲಸ ಮುಗಿದ ಮಾಹಿತಿಯನ್ನು ಅಳಿಸಿ ಎನ್ನುತ್ತದೆ. ಒಂದು ಫೋಲ್ಡರಿನಲ್ಲಿ ಅಳಿಸುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಲಾಗ್‌ಗಳನ್ನು 180 ದಿನ ಇಡಿ ಎಂದಿತ್ತು. ಇನ್ನೊಂದು ಫೋಲ್ಡರಿನಲ್ಲಿ ಪೂರ್ತಿ ವಿಳಾಸದೊಂದಿಗೆ ಇಡುತ್ತಾರೆ. 180 ದಿನವಾದ ಮೇಲೆ? ಯಾರೂ ಕೇಳಿಲ್ಲವಾದ್ದರಿಂದ ಅಲ್ಲೇ ಇದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಈ ಅಂಗಡಿಯವರು ಅದನ್ನು ಒಂದು ಸೊನ್ನೆಯಲ್ಲಿ ಮುಗಿಸಿದ್ದಾರೆ.

ಆಫೀಸಿನ ಬಾಗಿಲಲ್ಲೂ ಅದೇ ಶಿಸ್ತು. ಖಾಸಗಿತನದ ಆಡಿಟ್‌ಗೆಂದು ಬಂದವರನ್ನೂ ಸೆಕ್ಯೂರಿಟಿಯವರು ತಡೆದು, ದಾರ ಕಟ್ಟಿದ ಪೆನ್ನು ಕೊಟ್ಟು, ರಿಜಿಸ್ಟರಿನಲ್ಲಿ ಹೆಸರು, ಮೊಬೈಲು, ಗಾಡಿ ನಂಬರು ಬರೆಸುತ್ತಾರೆ. ಮೇಲಿನ ಸಾಲುಗಳಲ್ಲಿ ಬೆಳಗಿನಿಂದ ಬಂದವರೆಲ್ಲರ ನಂಬರುಗಳೂ ಇರುವುದರಿಂದ ಹೇಗೆ ಬರೆಯಬೇಕೆಂದು ಯಾರೂ ಕೇಳಬೇಕಾಗಿಲ್ಲ.

ಒಪ್ಪಿಗೆ ಕೇಳುವ ನೋಟಿಸು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಸಿಗಬೇಕು ಎಂಬುದು ಕಾಯ್ದೆಯ ಮಾತು. ಅದನ್ನೂ ಮರೆತಿಲ್ಲ. ಪುಟದ ತಳದಲ್ಲಿ ‘ಕನ್ನಡ’ ಎಂಬ ಗುಂಡಿಯಿದೆ. ಒತ್ತಿ, ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ತುಂಬಿ, ಓಟಿಪಿ ಹಾಕಿದರೆ ತೆರೆದುಕೊಳ್ಳುತ್ತದೆ.