ಗಿಲಾವು ಮೀಮಾಂಸೆ ಅಥವಾ ತೇಪೆ–ಗೋಡೆ ಭೇದವಿಚಾರ

ಹೊರಗೋಡೆಯ ಗಿಲಾವು ಕಿತ್ತುಬಂದ ಜಾಗಕ್ಕೆ ಹೊಸ ಗಾರೆ ಮೆತ್ತುವುದನ್ನು ಬರೀ ಕೂಲಿ ಲೆಕ್ಕದ ವಿಷಯವೆಂದು ಬಗೆದು ವಿದ್ವಾಂಸರು ಕಡೆಗಣಿಸಿದ್ದಾರೆ. ಶೋಚನೀಯ. ಎರಡಾಗಿ ಕಾಣುವುದು ನಿಜವಾಗಿ ಒಂದೋ ಎರಡೋ ಎಂದು ಶೃಂಗೇರಿ, ಮೇಲುಕೋಟೆ, ಉಡುಪಿಗಳ ನಡುವೆ ಶತಮಾನಗಳಿಂದ ನಡೆದಿರುವ ವಾದ ಪ್ರತಿ ಮಳೆಗಾಲದಲ್ಲೂ ನಮ್ಮ ಪಡುವಣ ಗೋಡೆಗಳ ಮೇಲೆ ಇತ್ಯರ್ಥವಾಗುತ್ತಲೇ ಇದೆ, ನೋಡುವವರಿಲ್ಲ. ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ತೇಪೆ ಬೇರೆ, ಗೋಡೆ ಬೇರೆ; ಈ ಭೇದ ನಿತ್ಯ, ಸತ್ಯ, ಮತ್ತು ಅಂಗಡಿಯಲ್ಲಿ ಸಿಗುವ ಯಾವ ಡಬ್ಬಿಯಿಂದಲೂ ನೀಗದ್ದು. ಮಧ್ವಾಚಾರ್ಯರ ಮತದಲ್ಲಿ ಹೇಳುವ ಐದು ಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಅದಕ್ಕೆ ಉದಾಹರಣೆ ಬೇಕಾದವರು ಯಾವುದಾದರೂ ಬಾಡಿಗೆ ಮನೆಯ ಸಜ್ಜಾದ ಕೆಳಗೆ ಕತ್ತೆತ್ತಿ ನೋಡಿದರೆ ಸಾಕು.

ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಇವುಗಳಲ್ಲಿ ಪ್ರತ್ಯಕ್ಷ ತೀರ ದುರ್ಬಲ. ನೆಂಟರು ಬಂದು ಬೆರಳು ಮಾಡಿ ತೋರಿಸುವ ತನಕ ಮನೆ ಯಜಮಾನನಿಗೆ ಬಿರುಕು ಕಾಣುವುದೇ ಇಲ್ಲ. ಅನುಮಾನಕ್ಕೆ ಬಲ ಹೆಚ್ಚು. ಮೇಸ್ತ್ರಿ ಕರಣೆಯ ಹಿಡಿಯಿಂದ ಗೋಡೆ ಕುಟ್ಟುತ್ತಾ ಹೋಗುತ್ತಾನೆ. ಗಟ್ಟಿ ಇದ್ದಲ್ಲಿ ಟಕ್ ಟಕ್, ಬಿಟ್ಟುಕೊಂಡಲ್ಲಿ ಡಬ್ ಡಬ್. ಎಲ್ಲೆಲ್ಲಿ ಡಬ್ ಎಂಬ ಶಬ್ದವೋ ಅಲ್ಲಲ್ಲಿ ಪೊಳ್ಳು, ಪಕ್ಕದ ಮನೆಯ ಗೋಡೆಯಲ್ಲಿ ಹೇಗೋ ಹಾಗೆ. ನೈಯಾಯಿಕರು ಬೆಟ್ಟದ ಹೊಗೆಯನ್ನು ಬಿಟ್ಟು ಇದನ್ನೇ ದೃಷ್ಟಾಂತವಾಗಿ ಹಿಡಿದಿದ್ದರೆ ತರ್ಕಶಾಸ್ತ್ರ ಎರಡು ಹೊತ್ತಿನ ಅನ್ನಕ್ಕಾದರೂ ದಾರಿಯಾಗುತ್ತಿತ್ತು. ತೊಡಕೆಂದರೆ, ಅಂಗೈಯಗಲದ ಬಿರುಕಿನಿಂದ ಹೊರಟ ಅನುಮಾನ ಮಧ್ಯಾಹ್ನದೊಳಗೆ ಇಡೀ ಗೋಡೆಗೆ ವ್ಯಾಪಿಸುತ್ತದೆ. ಖರ್ಚಿನ ಅಂದಾಜೂ ಅದರ ಬೆನ್ನಿಗೇ ಬರುತ್ತದೆ. ಇನ್ನು ಆಗಮಕ್ಕೆ ಭಾರತೀಯ ಮಾನಕಗಳಿವೆ: ಹೊರಗಿಲಾವಿಗೆ 1963ರ ಐಎಸ್ 2402, ಸಿಮೆಂಟ್ ಹಾಗೂ ಸಿಮೆಂಟ್-ಸುಣ್ಣದ ಗಿಲಾವಿಗೆ 1972ರ ಐಎಸ್ 1661. ಸಾರುವೆಯ ಮೇಲೆ ನಿಂತು ಇವನ್ನು ಪಾರಾಯಣ ಮಾಡುವವರು ದುರ್ಲಭ. ಹಾಗಾಗಿ ಶ್ರುತಿಯ ಸ್ಥಾನವನ್ನು ಆಪ್ತವಾಕ್ಯ ತುಂಬಿದೆ. ಅದರ ದಕ್ಷಿಣ ಪಾಠ ‘ಏನೂ ಆಗಲ್ಲ ಬಿಡಿ ಸಾರ್’. ಉತ್ತರ ಪಾಠ ‘ಏನೂ ಆಗಂಗಿಲ್ಲ ಬಿಡ್ರಿ ಸರ’. ಎರಡಕ್ಕೂ ಅರ್ಥದಲ್ಲಿ ಭೇದವಿಲ್ಲ; ಅನರ್ಥದಲ್ಲಿಯೂ ಇಲ್ಲ.

ಈಗ ಮುಖ್ಯ ಸಾಕ್ಷ್ಯ. ಹಳೆಯ ಮನೆಗಳಲ್ಲಿ ಅನೇಕವು ಸುಣ್ಣದ ಗಾರೆಯವು. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನ ಜೊತೆ ಅರೆದು, ಬೆಲ್ಲದ ನೀರನ್ನೋ ಅಳಲೆಕಾಯಿಯ ಕಷಾಯವನ್ನೋ ಸೇರಿಸಿ ಹದಮಾಡಿದ ಗಾರೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಸಾವಕಾಶವಾಗಿ ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ. ಸ್ವಭಾವ ಮೆದು. ಗೋಡೆ ಕೊಂಚ ಸರಿದರೆ ತಾನೂ ಸರಿಯುತ್ತದೆ, ನೆನೆದರೆ ತೇವವನ್ನು ಆವಿಯಾಗಿ ಬಿಟ್ಟುಕೊಡುತ್ತದೆ. ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದಾಗ ಪಾಪ, ಅವನಿಗೆ ನಮ್ಮ ಗೋಡೆಗಳ ಮೇಲೆ ಹಗೆಯೇನೂ ಇರಲಿಲ್ಲ. ಆದರೆ ಇಂದು ಸುಣ್ಣದ ಗೋಡೆ ಬೊಗಸೆಯಷ್ಟು ಉದುರಿದರೂ ‘ಗಟ್ಟಿ ಇರಲಿ’ ಎಂದು ಒಂದಕ್ಕೆ ಮೂರರ ಸಿಮೆಂಟ್ ಗಾರೆ ಬಡಿಯುತ್ತಾರೆ. ಅದು ಒಣಗುತ್ತಾ ಕುಗ್ಗಿ ತನ್ನ ಸುತ್ತ ಕೂದಲೆಳೆಯ ಬಿರುಕನ್ನು ಬಿಡಿಸಿಕೊಳ್ಳುತ್ತದೆ. ಮಳೆನೀರಿಗೆ ಅಷ್ಟೇ ಸಾಕು. ಒಳಹೊಕ್ಕ ತೇವ ಸಿಮೆಂಟನ್ನು ದಾಟಿ ಹೊರಬರಲಾರದೆ ಪಕ್ಕದ ಹಳೆಯ ಗಾರೆಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಅದರಲ್ಲಿ ಕರಗಿದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಹಿಟ್ಟು ಮಾಡುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ತೇಪೆ ಇದ್ದಲ್ಲೇ ಇರುತ್ತದೆ, ಸುತ್ತಲಿನ ಗೋಡೆ ಇರುವುದಿಲ್ಲ. ಒಂದು ನಾಶವಾದಾಗ ಇನ್ನೊಂದು ಉಳಿಯುವುದಾದರೆ ಅವೆರಡೂ ಒಂದೇ ಎಂದು ಹೇಳಲು ಯಾವ ಸೂತ್ರ ಒಪ್ಪೀತು? ಕಲಸಿದ ಗಾರೆಯ ಆಯುಸ್ಸಿನ ವಿಚಾರವನ್ನೂ ಇಲ್ಲಿ ಹೇಳಿಬಿಡಬೇಕು. ನೀರು ಬೆರೆಸಿದ ಸಿಮೆಂಟ್ ಗಾರೆಯನ್ನು ಅರ್ಧ ಗಂಟೆಯೊಳಗೆ ಬಳಸಿ ಮುಗಿಸಬೇಕೆಂಬುದು ನಿಯಮ. ಬೆಳಿಗ್ಗೆ ಕಲಸಿದ್ದು ಊಟದ ಹೊತ್ತಿಗೆ ಬಾಂಡ್ಲಿಯಲ್ಲೇ ಬಿಗಿದುಕೊಂಡಾಗ ಒಂದು ಚೊಂಬು ನೀರು ಹೊಯ್ದು ಅದಕ್ಕೆ ಪುನರ್ಜನ್ಮ ಕೊಡುವ ಸಂಪ್ರದಾಯವಿದೆ. ಪುನರ್ಜನ್ಮದಲ್ಲಿ ನಮಗೂ ನಂಬಿಕೆಯುಂಟು; ಆದರೆ ಈ ಜನ್ಮದ್ದು ಅಲ್ಪಾಯುಷ್ಯ.

ಇಲ್ಲಿ ಅದ್ವೈತಿ ಎದ್ದು ನಿಲ್ಲುತ್ತಾನೆ: ಪುಟ್ಟಿ ಹಚ್ಚಿ, ಪ್ರೈಮರ್ ಬಳಿದು, ಎರಡು ಕೋಟ್ ಬಣ್ಣ ಹೊಡೆದ ಮೇಲೆ ಭೇದವೆಲ್ಲಿ? ಉತ್ತರ: ಆ ಐಕ್ಯ ವ್ಯಾವಹಾರಿಕ ಸತ್ಯ, ಗೃಹಪ್ರವೇಶದಿಂದ ಆರಿದ್ರಾ ಮಳೆಯವರೆಗೆ ಮಾತ್ರ ಬಾಳುವಂಥದ್ದು. ಮಳೆಗೂ ಕಾಯಬೇಕಿಲ್ಲ, ಸಂಜೆಬಿಸಿಲು ಓರೆಯಾಗಿ ಬಿದ್ದಾಗ ತೇಪೆಯ ಉಬ್ಬು ಕಾಲು ಅಂಗುಲದ ನೆರಳು ಚೆಲ್ಲಿ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಸಾರುತ್ತದೆ. ಅಲ್ಲದೆ ಬಣ್ಣವೇ ಮಾಯೆ ಎಂದು ಅದ್ವೈತಿಗಳು ತಮ್ಮ ಶಾಸ್ತ್ರದಿಂದಲೇ ಒಪ್ಪಬೇಕಾಗುತ್ತದೆ. ಮಾಯೆಗೆ ಹೇಳುವ ಆವರಣ, ವಿಕ್ಷೇಪಗಳೆಂಬ ಎರಡು ಶಕ್ತಿಗಳೂ ಇಪ್ಪತ್ತು ಲೀಟರಿನ ಒಂದೇ ಡಬ್ಬಿಯಲ್ಲಿ ಬರುತ್ತವೆ: ಮೊದಲು ಇರುವ ಬಿರುಕನ್ನು ಮರೆಸುತ್ತದೆ, ಆಮೇಲೆ ಒಳಗಿನ ತೇವವನ್ನು ತಡೆದು ಗುಳ್ಳೆ ಎಬ್ಬಿಸಿ ಇಲ್ಲದ್ದನ್ನು ತೋರಿಸುತ್ತದೆ. ವಿಶಿಷ್ಟಾದ್ವೈತಿಯ ವಾದ ಇನ್ನೂ ನಯವಾದದ್ದು. ಗೋಡೆ ಶರೀರಿ, ತೇಪೆ ಶರೀರ, ನಡುವೆ ಹಾಲಿನಂಥ ಅಂಟುದ್ರಾವಣ ಬಳಿದರೆ ಬಿಡಿಸಲಾಗದ ಸಂಬಂಧ ಏರ್ಪಡುತ್ತದೆಂದು ಅವನ ಮತ. ಏರ್ಪಡುತ್ತದೆ, ನಿಜ, ಆದರೆ ಧೂಳು ಗುಡಿಸದೆ ಬಳಿದಲ್ಲಿ ಆ ಸಂಬಂಧ ಧೂಳಿನೊಡನೆ. ಶರಣಾಗತಿಯಲ್ಲಿ ದೋಷವಿಲ್ಲ, ಯಾರಿಗೆ ಶರಣಾದೆ ಎಂಬುದನ್ನು ನೋಡಿಕೊಳ್ಳಬೇಕಷ್ಟೆ.

ಇತಿಹಾಸಕಾರ ಹಂಪಿಯನ್ನು ಎಳೆದು ತರುತ್ತಾನೆ. ವಿರೂಪಾಕ್ಷ ದೇಗುಲದ ಗೋಪುರದ ಗಾರೆಗೊಂಬೆಗಳು ಇನ್ನೂ ನಿಂತಿಲ್ಲವೇ? ನಿಂತಿವೆ, ಆ ಗೋಪುರ 19ನೇ ಶತಮಾನದಲ್ಲಿ ಜೀರ್ಣೋದ್ಧಾರ ಕಂಡಿದೆ ಎಂಬುದನ್ನೂ ಇತಿಹಾಸಕಾರರೇ ಬರೆದಿಟ್ಟಿರುವುದರಿಂದ ಅವರಿಗೆ ಬೇರೆ ಉತ್ತರ ಬೇಡ. ಈ ವಿಷಯದಲ್ಲಿ ನಿಜವಾದ ಜ್ಞಾನಿಗಳು ಮಲೆನಾಡಿನವರು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯ ಕಡೆ ತೇಪೆಯ ತತ್ತ್ವ ಚರ್ಚಿಸುತ್ತಾ ಕೂತರೆ ಗೋಡೆಯೇ ಹರಿದುಹೋಗುತ್ತದೆ. ಅವರು ಮಳೆ ಹಿಡಿಯುವ ಮುಂಚೆ ಇರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಬಿಡುತ್ತಿದ್ದರು. ಗೋಡೆಗೆ ನೀರೇ ತಾಗದಿದ್ದರೆ ದ್ವೈತವೂ ಇಲ್ಲ, ಅದ್ವೈತವೂ ಇಲ್ಲ.

ಭೇದ ನಿತ್ಯವಾದರೆ ದುರಸ್ತಿಯೇ ವ್ಯರ್ಥವಲ್ಲವೇ ಎಂಬುದು ಕೊನೆಯ ಆಕ್ಷೇಪ. ಅಲ್ಲ. ಇದೇ ದರ್ಶನ ತಾರತಮ್ಯವನ್ನೂ ಕಲಿಸುತ್ತದೆ, ಮತ್ತು ಅದನ್ನು ಗಿಲಾವು ಶಾಸ್ತ್ರ ಅಕ್ಷರಶಃ ಪಾಲಿಸುತ್ತದೆ: ಮೇಲಿನ ಪದರ ತಾನು ಕೂತ ಪದರಕ್ಕಿಂತ ಗಟ್ಟಿಯಾಗಿರಕೂಡದು. ಮೊದಲು ನೀರು ಬರುವ ಮೂಲವನ್ನು, ಅಂದರೆ ಒಡೆದ ಕೊಳವೆಯನ್ನೋ ಸಜ್ಜಾದ ಸೋರಿಕೆಯನ್ನೋ ನಿಲ್ಲಿಸಬೇಕು. ಪೊಳ್ಳಾದಷ್ಟನ್ನೂ ಚೌಕವಾಗಿ ಕತ್ತರಿಸಿ ತೆಗೆದು, ಇಟ್ಟಿಗೆ ಸಂದು ಕೆದಕಿ, ಧೂಳು ತೊಳೆದು, ಗೋಡೆಯನ್ನು ನೆನೆಸಬೇಕು. ಸುಣ್ಣದ ಗೋಡೆಗೆ ಸುಣ್ಣದ ಗಾರೆ. ಸಿಮೆಂಟಿನ ಗೋಡೆಗೆ ಒಂದಕ್ಕೆ ಆರರದು, ಒಂದು ಸಲಕ್ಕೆ 12 ಮಿಲಿಮೀಟರಿನಷ್ಟು ದಪ್ಪ, ಆಮೇಲೆ ಏಳು ದಿನ ಬಿಡದೆ ನೀರು. (ಈ ಏಳನೆಯ ದಿನವನ್ನು ಕಂಡ ಗೋಡೆಗಳು ವಿರಳ.) ಹೀಗೆ ಮೆತ್ತಿದ ತೇಪೆ ತನ್ನ ಅಂತಸ್ತು ಅರಿತು ನಡೆಯುತ್ತದೆ: ಉಪ್ಪನ್ನು ತನ್ನ ಮೈಗೆ ಎಳೆದುಕೊಂಡು, ಗೋಡೆಗಿಂತ ಮೊದಲು ತಾನು ಉದುರುತ್ತದೆ. ಆಗ ಮತ್ತೆ ಮೆತ್ತಬೇಕು. ಪ್ರತಿ ಕೆಲವು ವರ್ಷಕ್ಕೊಮ್ಮೆ ಇದೇ ಕರ್ಮ ಮಾಡಬೇಕೆಂಬ ಈ ಸಿದ್ಧಾಂತಕ್ಕೆ ಪಂಡಿತರ ಮನ್ನಣೆ ಇನ್ನೂ ದೊರೆಯಬೇಕಿದೆ. ಮೇಸ್ತ್ರಿಗಳು ಅವಿರೋಧವಾಗಿ ಒಪ್ಪಿ, ಮುಂಗಡ ಕೇಳಿದ್ದಾರೆ.