ಆರು ತಿಂಗಳ ರಾಯರು

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದಲ್ಲಿ ನಿಮಗೆ ಅರವತ್ನಾಲ್ಕೂವರೆ ತುಂಬಿತೋ, ರಾಯರು ಪಕ್ಕದ ಕುರ್ಚಿಗೆ ಬಂದು ಕೂತರು ಅಂತಲೇ ಲೆಕ್ಕ. ಹೆಣ್ಣು ಹೆತ್ತವರು ವರನ ಜಾತಕ ವಿಚಾರಿಸುವಷ್ಟು ನಯವಾಗಿ ಕೇಳುತ್ತಾರೆ: "ಹುಟ್ಟಿದ ತಾರೀಖು? ಶುಗರ್ ಇದೆಯೋ? ಬಿ.ಪಿ.?" ಇದೆ ಅಂದರೆ ಮುಖ ಅರಳುತ್ತದೆ. ಏನೂ ಇಲ್ಲ ಎನ್ನುವವರ ಹತ್ತಿರ ಅವರಿಗೆ ಹೆಚ್ಚು ಮಾತಿಲ್ಲ.

ಪ್ರೀ-ಎಕ್ಸಿಸ್ಟಿಂಗ್ ಕಂಡೀಷನ್ ಎಂಬ ನಾಲಗೆ ಹೊರಳದ ಮಾತನ್ನು ರಾಯರು 'ಪೂರ್ವಾರ್ಜಿತ' ಎಂದು ಕನ್ನಡಿಸಿಕೊಂಡಿದ್ದಾರೆ. "ಪಿತ್ರಾರ್ಜಿತ ಗದ್ದೆ ಊರಲ್ಲೇ ಉಳೀತು ಸ್ವಾಮಿ. ಪೂರ್ವಾರ್ಜಿತ ಶುಗರ್ ಮಾತ್ರ ವಿಮಾನ ಹತ್ತಿ ಜೊತೇಲೇ ಬಂತು!"

ಕಂಕುಳಲ್ಲಿ ಮೈಸೂರಿನ ಹಸಿರು ರೆಕ್ಸಿನ್ ಫೈಲು. ಪುರಾಣ ಆರಂಭವಾಗುವುದು 1965ರಲ್ಲಿ ಅಧ್ಯಕ್ಷ ಜಾನ್ಸನ್ ಅರವತ್ತೈದು ದಾಟಿದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕಾಯಿದೆಗೆ ಸಹಿ ಹಾಕಿದಲ್ಲಿಂದ. ಅದರ ಪಾರ್ಟ್ ಬಿ ಎಂಬ ಭಾಗದಿಂದ ಡಾಕ್ಟರ ಬಿಲ್ಲಿನಲ್ಲಿ ಸರ್ಕಾರ ನೂರಕ್ಕೆ 80 ಕೊಟ್ಟು ಕೈತೊಳೆದುಕೊಳ್ಳುತ್ತದೆ. ಉಳಿದ 20ರ ಹೊಂಡ ಮುಚ್ಚಲು ಖಾಸಗಿ ಕಂಪನಿಗಳು ಮಾರುವ ಪೂರಕ ವಿಮೆಯೇ ಮೆಡಿಗ್ಯಾಪ್. ಅದಕ್ಕೆ ಎ, ಬಿ, ಜಿ, ಎನ್ ಅಂತ ಬಾಲವಾಡಿ ಅಕ್ಷರಗಳು. "ಜಿ ಅಂದ್ರೆ ಯಾವ ಕಂಪನೀಲೂ ಅದೇ ಪಾಯಸ ಕಣ್ರೀ. ಲೋಟದ ರೇಟು ಮಾತ್ರ ಬೇರೆ." ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಟೀವಿಯಲ್ಲಿ ಮೆಡಿಕೇರ್ ಜಾಹೀರಾತು ಸುರಿಯುವಾಗ ರಾಯರು ಕದಲುವುದಿಲ್ಲ. "ಅದು ಅಡ್ವಾಂಟೇಜ್ ಪ್ಲಾನು, ಔಷಧಿ ಪ್ಲಾನುಗಳ ಜಾತ್ರೆ. ನಮ್ಮ ಮೆಡಿಗ್ಯಾಪಿಗೆ ಅಲ್ಲಿ ಅಂಗಡಿಯೇ ಇಲ್ಲ."

ಮೊನ್ನೆ ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬ ಹೊಸಬರು ಸಿಕ್ಕರು. ಎಪ್ಪತ್ತರ ಹತ್ತಿರದ ವಯಸ್ಸು. ಗ್ರೀನ್ ಕಾರ್ಡ್ ಮೇಲೆ ಮಗನ ಮನೆಯಲ್ಲಿ ಐದು ವರ್ಷ ಕಳೆದ ಮೇಲೆ ಮೆಡಿಕೇರಿಗೆ ಅರ್ಹರಾದವರು.

"ಸಾರ್, ಪಾರ್ಟ್ ಬಿ, ಪ್ಲಾನ್ ಜಿ ಎರಡೂ ಶುರುವಾಗಿ ನಾಲ್ಕು ತಿಂಗಳಾಯ್ತು. ಇನ್ನೊಂದು ಕಂಪನಿಯವರು ಅದೇ ಜಿ ಕಡಿಮೆಗೆ ಕೊಡ್ತಾರಂತೆ. ಆದ್ರೆ ನನಗೆ ಶುಗರ್ ಇದೆ. ತಕರಾರು ತೆಗೀತಾರೇನೋ..."

ರಾಯರು ಬಾಯಿಯ ಹತ್ತಿರ ಹೋಗಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದರು. ಇಷ್ಟು ವರ್ಷದಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು.

"ನೋಡಿ ಸ್ವಾಮಿ, ಛತ್ರದೊಳಗೆ ಬಿಡೋದು ಬೇರೆ, ಎಲೆಗೆ ಬಡಿಸೋದು ಬೇರೆ. ಅರವತ್ತೈದು ದಾಟಿದವರಿಗೆ ಪಾರ್ಟ್ ಬಿ ಶುರುವಾದ ತಿಂಗಳಿಂದ ಆರು ತಿಂಗಳು ಬಾಗಿಲು ಹಾರು ಹೊಡೆದಿರುತ್ತೆ. ಕಾಯಿಲೆ ಇದೆ ಅಂತ ಬೇಡ ಅನ್ನೋ ಹಾಗಿಲ್ಲ, ಹೆಚ್ಚಿಗೆ ದುಡ್ಡೂ ಕೇಳೋ ಹಾಗಿಲ್ಲ. ನಿಮಗಿನ್ನೂ ಎರಡು ತಿಂಗಳಿದೆ. ಅದು ಮುಗೀತೋ, ಬಾಗಿಲಲ್ಲಿ ಆಳು ನಿಲ್ಲಿಸ್ತಾರೆ. ಆರೋಗ್ಯದ ಪ್ರಶ್ನೆಪತ್ರಿಕೆ. ಫೇಲಾದ್ರೆ ಬಂದ ದಾರಿ ಹಿಡೀಬೇಕು."

"ಮತ್ತೆ ಬಡಿಸೋದು?"

"ಒಳಗೆ ಹೋದಮೇಲೂ, ಹಿಂದಿನ ಆರು ತಿಂಗಳಲ್ಲಿ ಚಿಕಿತ್ಸೆ ತೊಗೊಂಡ ಕಾಯಿಲೆಗೆ ಆರು ತಿಂಗಳವರೆಗೆ ಬಡಿಸದೆ ಕೂರಿಸಬಹುದು. ಆಗಲೂ ಮೆಡಿಕೇರಿನ 80 ಬಂದೇ ಬರುತ್ತೆ. ಹಳೇ ಮೆಡಿಗ್ಯಾಪಲ್ಲಿ ಕಳೆದ ದಿನ ಹೊಸ ಕಂಪನಿ ಲೆಕ್ಕಕ್ಕೆ ಹಿಡೀಬೇಕು. ನಿಮಗೆ ಹೆಚ್ಚೆಂದ್ರೆ ಇನ್ನೆರಡು. ಆರು ಮುಗಿಸಿದೋರನ್ನ ಅದೇ ಸೌಲಭ್ಯಕ್ಕೆ ಮತ್ತೆ ಕಾಯಿಸೋ ಹಾಗೇ ಇಲ್ಲ."

ಹೊಸಬರು ನಿಟ್ಟುಸಿರು ಬಿಟ್ಟರು. ರಾಯರು ಬಿಡಲಿಲ್ಲ. ಸ್ವಂತ ಎರಡು ಸ್ಟೆಂಟುಗಳ ಕಥೆಗೆ ಇಳಿದರು. ಆ ಆರು ತಿಂಗಳು ಮುಗಿದ ಮೇಲೂ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುಹಬ್ಬದ ದಿನದಿಂದ 60 ದಿನ, ಈಗಿರುವಷ್ಟೇ ಅಥವಾ ಕಡಿಮೆ ಸೌಲಭ್ಯದ ಮೆಡಿಗ್ಯಾಪಿಗೆ ಆರೋಗ್ಯದ ಪ್ರಶ್ನೆ ಎದುರಿಸದೆ ದಾಟಬಹುದು. ರಾಯರು ಹೀಗೆ ಮೂರು ಕಂಪನಿ ದಾಟಿದ್ದಾರೆ. "ಇವರ ಹುಟ್ಟುಹಬ್ಬಕ್ಕೆ ಆರತಿ ತಟ್ಟೆ ತಂದರೆ ಅದರಲ್ಲಿ ಅರ್ಜಿ ಇಟ್ಟಿರ್ತಾರೆ" ಅಂತ ಅವರ ಮನೆಯವರ ದೂರು. ಬೇರೆ ರಾಜ್ಯದಲ್ಲಿರುವ ಮಗಳು ಕೆಳಗಿನ ಕೋಣೆ ಸಿದ್ಧಮಾಡಿ ಕರೆಯುತ್ತಲೇ ಇದ್ದಾಳೆ. ಅಲ್ಲಿಗೆ ಹೋದರೂ ಹಳೆಯ ಪಾಲಿಸಿ ಉಳಿಯುತ್ತದೆ, ರಾಯರಿಗೆ ಅದು ಗೊತ್ತು. ಆದರೂ ಅವರದು ಒಂದೇ ಮಾತು: "ಅಲ್ಲಿ ಹುಟ್ಟುಹಬ್ಬಕ್ಕೆ ಬರೀ ಕೇಕು."

ಊರಿಗೆ ಬಂದಾಗಲೂ ಲೆಕ್ಕ ತಪ್ಪುವುದಿಲ್ಲ. ಪರದೇಶದಲ್ಲಿ ತುರ್ತು ಚಿಕಿತ್ಸೆಯಾದರೆ ಪ್ಲಾನ್ ಜಿ ಮೊದಲ 250 ಡಾಲರ್ ನಿಮಗೆ ಬಿಟ್ಟು, ಮಿಕ್ಕಿದ್ದರಲ್ಲಿ ನೂರಕ್ಕೆ 80 ಕೊಡುತ್ತದೆ, ಜೀವಮಾನಕ್ಕೆ 50,000 ಡಾಲರ್ ಮಿತಿ. ಆದರೆ ಪ್ರವಾಸದ ಮೊದಲ 60 ದಿನಕ್ಕೆ ಮಾತ್ರ. ರಾಯರ ಪ್ರವಾಸ ಮೂರು ತಿಂಗಳದು. ಹಾಗಾಗಿ ಅರವತ್ತನೆಯ ದಿನದವರೆಗೆ ವಿ.ವಿ. ಪುರದ ತಿಂಡಿ ಬೀದಿ, ಅರವತ್ತೊಂದರಿಂದ ಗಂಜಿ. ರಸ್ತೆ ದಾಟುವುದೂ ಬಂದ್.

ಪಂಕ್ತಿಯಲ್ಲಿ ಮಜ್ಜಿಗೆ ಬರುವ ಹೊತ್ತಿಗೆ ಹೊಸಬರಿಗೆ ಹುರುಪು ಬಂದಿತ್ತು. ಎಡಗೈಯಲ್ಲಿ ಫೋನ್ ತೆಗೆದರು. "ಹಾಗಾದ್ರೆ ಹಳೇದನ್ನ ಈಗಲೇ ಕ್ಯಾನ್ಸಲ್ ಮಾಡಿಬಿಡ್ತೀನಿ."

ರಾಯರು ತುಪ್ಪದ ಕೈಯಲ್ಲೇ ಅವರ ಮುಂಗೈ ಹಿಡಿದರು. "ಅಯ್ಯೋ, ತಡೀರಿ! ಹೊಸ ಕಂಪನಿ ಒಪ್ಪಿ, ಪಾಲಿಸಿ ಕೈಗೆ ಬರ್ಲಿ. ಬಂದಮೇಲೆ ಪರೀಕ್ಷೆ ಮಾಡೋಕೆ 30 ದಿನ ಕೊಡ್ತಾರೆ. ಆ ಒಂದು ತಿಂಗಳು ಎರಡಕ್ಕೂ ಪ್ರೀಮಿಯಂ ಕಟ್ಟಿ. ದಂಡ ಅನ್ಸುತ್ತೆ, ಕಟ್ಟಿ. ಹೊಸ ಮನೆ ಬೀಗದ ಕೈ ಸಿಗದೆ ಹಳೇ ಮನೆ ಯಾರಾದ್ರೂ ಖಾಲಿ ಮಾಡ್ತಾರೇನ್ರೀ?"

ಫೋನ್ ಜೇಬಿಗೆ ಹೋಯಿತು, ತುಪ್ಪದ ಸಮೇತ. ರಾಯರು ಆರಿದ ಹೋಳಿಗೆಗೆ ಮರಳಿದರು. ಈ ಸೇವೆಗೆ ಅವರು ಕಾಸು ಮುಟ್ಟುವುದಿಲ್ಲ. ನಿಮ್ಮ ಊರಿನ ಕೂಟದಲ್ಲಿ ಇಂಥ ರಾಯರಿಲ್ಲದಿದ್ದರೆ ಚಿಂತೆ ಬೇಡ. ಪ್ರತಿ ರಾಜ್ಯದಲ್ಲೂ 'ಶಿಪ್' ಎಂಬ ಸಲಹಾ ವ್ಯವಸ್ಥೆ ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು 'ಹೈಕ್ಯಾಪ್'. ಅದೂ ಪುಕ್ಕಟೆ. ಹೋಗುವಾಗ ಹುಟ್ಟಿದ ತಾರೀಖು, ಪಾರ್ಟ್ ಬಿ ಶುರುವಾದ ತಾರೀಖು ಎರಡನ್ನೂ ಬರೆದುಕೊಂಡು ಹೋಗಿ. ಜಾತಕ ಇಲ್ಲದೆ ಅಲ್ಲೂ ಮುಹೂರ್ತ ಹೇಳುವುದಕ್ಕೆ ಬರುವುದಿಲ್ಲ.