ಕುಣಿಗಲ್ ಕುದುರೆ ಕಂಡ ಗಾಲ್ಫ್

ಗಾಲ್ಫ್ ಹ್ಯಾಂಡಿಕ್ಯಾಪಿನ ಪ್ರಾಮಾಣಿಕತೆಯ ಬಗ್ಗೆ ಗಾಲ್ಫ್ ಆಡುವವರನ್ನೇ ಕೇಳಿದರೆ ನ್ಯಾಯವಾಗದು ಎಂದು ಪತ್ರಿಕೆಯ ಪ್ರತಿನಿಧಿ ಮೊದಲು ದೇವರಾಯನದುರ್ಗದ ಕೋತಿಯೊಂದನ್ನು ಕಂಡರು. ಅದು ಅವರ ಕೈಯಲ್ಲಿದ್ದ ಬಾಳೆಹಣ್ಣನ್ನು ಕಿತ್ತುಕೊಂಡು, ಪ್ರತಿಕ್ರಿಯೆ ನೀಡಲು ನಿರಾಕರಿಸಿತು. ಬೆಟ್ಟ ಇಳಿದವರು ನೇರ ಕುಣಿಗಲ್ ಸ್ಟಡ್ ಫಾರ್ಮಿಗೆ ಬಂದರು.

ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಒದಗಿಸಿದ ಜಾಗ ಇದು. 1992ರಲ್ಲಿ ಯುಬಿ ಸಮೂಹದ ಗುತ್ತಿಗೆಗೆ ಬಂದ ಮೇಲೆ ರೇಸ್ ಕುದುರೆಗಳ ತಳಿಗೆ ಹೆಸರಾಯಿತು. ರೇಸಿಗೂ ಗಾಲ್ಫಿಗೂ ಹ್ಯಾಂಡಿಕ್ಯಾಪ್ ಎಂಬುದು ಒಂದೇ ಉಪಾಯ: ಬಲ್ಲವರ ಮೇಲೆ ಭಾರ ಹೇರಿಯೋ, ಬಾರದವರಿಗೆ ರಿಯಾಯಿತಿ ಕೊಟ್ಟೋ, ಎಲ್ಲರನ್ನೂ ಸಮಕ್ಕೆ ತಂದು ನಿಲ್ಲಿಸುವುದು. ಓಟದಿಂದ ನಿವೃತ್ತಿಯಾಗಿ ಹುಲ್ಲು ಮೇಯುತ್ತಿದ್ದ ಹಿರಿಯ ಹೆಣ್ಣುಕುದುರೆಯೊಂದು ಮಾತಿಗೆ ಒಪ್ಪಿತು.

ಪ್ರತಿನಿಧಿ: ನಿಮ್ಮ ರೇಸಿನಲ್ಲಿ ಈ ಲೆಕ್ಕ ಹೇಗೆ ಅಜ್ಜಿ?

ಕುದುರೆ: ಲೆಕ್ಕ ಎಲ್ಲ ಬೆನ್ನ ಮೇಲೇ ಕಣಪ್ಪ. ಗೆದ್ದರೆ ರೇಟಿಂಗ್ ಏರುತ್ತೆ, ಅದರ ಹಿಂದೆ ತೂಕ ಏರುತ್ತೆ. ಜಾಕಿ ಹಗುರ ಇದ್ರೆ ಜೀನಿನ ಜೇಬಿಗೆ ಸೀಸ ತುರುಕ್ತಾರೆ. ಓಡೋ ಮುಂಚೆ ಅವನು ಜೀನು ಸಮೇತ ತಕ್ಕಡಿ ಹತ್ತಬೇಕು, ಓಡಿ ಬಂದ ಮೇಲೂ ಹತ್ತಬೇಕು. ತೂಕ ಕಮ್ಮಿ ಬಂತೋ, ಗೆಲುವು ಹೋಯ್ತು. ಎಷ್ಟು ಹೊರ್ತೀಯಾ ಅಂತ ನನ್ನನ್ನ ಒಂದು ಸಲಾನೂ ಕೇಳಿಲ್ಲ. ಗಾಲ್ಫ್‌ನೋರಿಗೆ ಯಾರು ತೂಗ್ತಾರೆ?

ಪ್ರತಿನಿಧಿ ವಿವರಿಸಿದರು. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ವ್ಯವಸ್ಥೆ. ಭಾರತದಲ್ಲಿ ಉಸ್ತುವಾರಿ ಇಂಡಿಯನ್ ಗಾಲ್ಫ್ ಯೂನಿಯನ್ನಿನದು. ಕಡೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರಲ್ಲಿ ಮೈದಾನದ ಮಟ್ಟಕ್ಕಿಂತ ಹೆಚ್ಚಾದ ಹೊಡೆತಗಳ ಸರಾಸರಿಯೇ ಆಟಗಾರನ ಸೂಚ್ಯಂಕ, ಗರಿಷ್ಠ ಮಿತಿ 54. ಸ್ಕೋರ್ ಕಾರ್ಡನ್ನು ಸಲ್ಲಿಸುವುದು ಆಟಗಾರನೇ. ಸಹಿ ಹಾಕುವುದು ‘ಮಾರ್ಕರ್’, ಅಂದರೆ ಜೊತೆಗೆ ಆಡಿದ ಗೆಳೆಯ.

ಕುದುರೆ: ಅಂದ್ರೆ ತಕ್ಕಡೀನೂ ಅವರದೇ, ತೂಗೋರೂ ಅವರೇ?

ಪ್ರತಿನಿಧಿ: ನಂಬಿಕೆಯ ಮೇಲೆ ನಡೆಯುವ ಆಟ ಅಜ್ಜಿ.

ಕುದುರೆ ಮೂಗು ಅರಳಿಸಿತು. ಅದು ನಗುವೋ ನೊಣದ ಕಾಟವೋ ಗೊತ್ತಾಗಲಿಲ್ಲ.

ಮೋಸದಲ್ಲಿ ಎರಡು ಜಾತಿ ಎಂದು ಪ್ರತಿನಿಧಿ ಮುಂದುವರಿಸಿದರು. ಮೊದಲನೆಯವನು ಜಂಬದವನು. ಕೆಟ್ಟ ಸುತ್ತುಗಳ ಕಾರ್ಡನ್ನೇ ಕೊಡುವುದಿಲ್ಲ. ಹ್ಯಾಂಡಿಕ್ಯಾಪ್ ಇಳಿಸಿಕೊಂಡು ಪಾರ್ಟಿಗಳಲ್ಲಿ ಹೇಳಿಕೊಂಡು ತಿರುಗುತ್ತಾನೆ, ಪಂದ್ಯದಲ್ಲಿ ಸೋಲುತ್ತಾನೆ. ಅವನಿಂದ ಯಾರಿಗೂ ನಷ್ಟವಿಲ್ಲ. ಎರಡನೆಯವನು ‘ಸ್ಯಾಂಡ್‌ಬ್ಯಾಗರ್’. 14ರ ಯೋಗ್ಯತೆ ಇಟ್ಟುಕೊಂಡು 24 ಎಂದು ಬರೆಸಿಕೊಂಡಿರುತ್ತಾನೆ. ಪಾರ್ (ನಿಗದಿತ ಹೊಡೆತ) 72ರ ಮೈದಾನದಲ್ಲಿ 86 ಹೊಡೆತಕ್ಕೆ ಆಟ ಮುಗಿಸಿ, 24 ಕಳೆದು, ‘ನೆಟ್ 62’ ಎಂದು ಟ್ರೋಫಿ ಎತ್ತುತ್ತಾನೆ.

ಕುದುರೆ: ಗೊತ್ತಾಯ್ತು ಬಿಡು. ಬಿಳಿ ಬೋರ್ಡಿನ ಕಾರಲ್ಲಿ ಬಂದು ಬಿಪಿಎಲ್ ಕಾರ್ಡಿಗೆ ಅಕ್ಕಿ ತಗೊಂಡು ಹೋಗೋ ಗಿರಾಕಿ.

ಪ್ರತಿನಿಧಿ: ಆದರೆ ತಡೆಗಳೂ ಇವೆ. ಒಬ್ಬನು ತನ್ನ ಸೂಚ್ಯಂಕಕ್ಕಿಂತ 10 ಅಥವಾ ಹೆಚ್ಚು ಉತ್ತಮವಾಗಿ ಆಡಿದರೆ ವ್ಯವಸ್ಥೆ ತಾನಾಗಿಯೇ 2 ಕತ್ತರಿಸುತ್ತದೆ.

ಕುದುರೆ: ಹತ್ತು ಕದ್ದೋನಿಗೆ ಎರಡು ದಂಡ!

ಪ್ರತಿನಿಧಿ: ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿ ಬೇಕೆಂದರೆ ಇನ್ನೂ ಕತ್ತರಿಸಬಹುದು.

ಕುದುರೆ: ಸಮಿತಿಯೋರು ಭಾನುವಾರ ಯಾರ ಜೊತೆ ಆಡ್ತಾರೆ?

ಪ್ರತಿನಿಧಿ ಆ ಪ್ರಶ್ನೆಯನ್ನು ಬರೆದುಕೊಳ್ಳಲಿಲ್ಲ. ಇನ್ನೊಂದು ಕಟ್ಟುಪಾಡನ್ನು ಮುಂದಿಟ್ಟರು: ಹಿಂದಿನ ಒಂದು ವರ್ಷದ ಕನಿಷ್ಠ ಸೂಚ್ಯಂಕಕ್ಕಿಂತ 3 ಏರಿದ ಮೇಲೆ ಏರಿಕೆಯ ವೇಗ ಅರ್ಧಕ್ಕೆ ಇಳಿಯುತ್ತದೆ, 5 ದಾಟಲು ಬಿಡುವುದಿಲ್ಲ. ಅಲ್ಲದೆ ಎಣಿಕೆಗೆ ಬರುವುದು ಒಳ್ಳೆಯ 8 ಸುತ್ತು ಮಾತ್ರ. 20ರಲ್ಲಿ 12 ಸುತ್ತು ಬೇಕಂತಲೇ ಕೆಡಿಸಿದರೂ ಉಳಿದ 8 ನಿಜ ಹೇಳಿಬಿಡುತ್ತವೆ. 13ನೆಯದನ್ನೂ ಕೆಡಿಸಿದಾಗಲೇ ಸುಳ್ಳು ಒಳಗೆ ಬರುವುದು.

ಕುದುರೆ: ಅಷ್ಟು ಬೆವರು ಯಾಕೆ ಸುರಿಸ್ತಾನೆ? ಕಾರ್ಡು ಮಾಡಿಸೋ ದಿನವೇ ಕೆಲಸ ಮುಗಿಸ್ತಾನೆ. ಮೊದಲ ಹ್ಯಾಂಡಿಕ್ಯಾಪಿಗೆ 54 ಕುಳಿ ಆಡಿದ ಲೆಕ್ಕ ಸಾಕು ತಾನೇ? ಆ 54ರಲ್ಲಿ ಬಡವನಾಗಿಬಿಟ್ರೆ ಆಯ್ತು. ಇನ್ನು ಸಹಿಯ ಕಾನೂನು ಹೇಳು.

ಪ್ರತಿನಿಧಿ: ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಒಂದು ಕುಳಿಗೆ ಹೊಡೆದದ್ದಕ್ಕಿಂತ ಕಡಿಮೆ ಬರೆದು ಕಾರ್ಡ್ ಕೊಟ್ಟರೆ ಅನರ್ಹ. ಹೆಚ್ಚು ಬರೆದು ಕೊಟ್ಟರೆ, ಬರೆದದ್ದೇ ಖಾಯಂ.

ಕುದುರೆ: ಅವನಿಗೆ ಬೇಕಾಗಿದ್ದೂ ಅದೇ. ಅದೂ ಅವನು ಪೆನ್ನಲ್ಲಿ ಯಾಕೆ ಸುಳ್ಳು ಹೇಳ್ತಾನೆ? ಮೂರಡಿ ಪಟ್ ಬಿಟ್ಟುಬಿಟ್ಟು, ತಲೆ ಚಚ್ಚಿಕೊಂಡು ‘ಅಯ್ಯೋ’ ಅಂದ್ರೆ ಕಾರ್ಡಲ್ಲಿ ಬರೆದಿದ್ದೆಲ್ಲ ಸತ್ಯವೇ. ನಾಟಕಕ್ಕೆ ನಾವೂ ಹೋಗಿದೀವಪ್ಪ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ಬಂದಿದ್ವು. ಅಲ್ಲಿ ಜನ ಟಿಕೆಟ್ ತಗೊಂಡು ನೋಡ್ತಿದ್ರು. ಇಲ್ಲಿ ಟ್ರೋಫಿ ಕಳಕೊಂಡೋನಿಗೆ ತಾನು ನಾಟಕ ನೋಡಿದೆ ಅಂತಲೇ ಗೊತ್ತಾಗಲ್ಲ.

ಗಾಲ್ಫ್‌ನ ಮಾನ ಉಳಿಸಲು ಪ್ರತಿನಿಧಿ ಬಾಬಿ ಜೋನ್ಸ್‌ನನ್ನು ಕರೆತಂದರು. 1925ರ ಯುಎಸ್ ಓಪನ್‌ನಲ್ಲಿ ಚೆಂಡು ತುಸು ಅಲುಗಿತೆಂದು, ಬೇರೆ ಯಾರೂ ಕಾಣದಿದ್ದರೂ, ಈ ಹವ್ಯಾಸಿ ಆಟಗಾರ ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮನಾಗಿ, ಪ್ಲೇ-ಆಫ್‌ನಲ್ಲಿ ಸೋತ.

ಕುದುರೆ: ದೊಡ್ಡ ಮನುಷ್ಯ, ಸರಿ. ಆದ್ರೆ ಅದು ಹ್ಯಾಂಡಿಕ್ಯಾಪ್ ಇಲ್ಲದ ಪಂದ್ಯ. ನಮ್ಮ ಡರ್ಬೀಲೂ ಗಂಡುಕುದುರೆಗಳಿಗೆಲ್ಲ ಒಂದೇ ತೂಕ, ಹೆಣ್ಣಿಗೆ ಸ್ವಲ್ಪ ಕಮ್ಮಿ. ಅಲ್ಲಿ ಇವತ್ತು ಸೋತು ನಾಳೆಗೆ ಲಾಭ ಮಾಡ್ಕೊಳ್ಳೋ ದಾರಿ ಇಲ್ಲ. ಹ್ಯಾಂಡಿಕ್ಯಾಪ್ ಬಂದ ತಕ್ಷಣ ಸೋಲಿಗೆ ಬೆಲೆ ಬರುತ್ತೆ. ಬೆಲೆ ಬಂದ ಮೇಲೆ ಬೆಳೆಯೋರು ಇದ್ದೇ ಇರ್ತಾರೆ.

ಪ್ರತಿನಿಧಿ: ಹಾಗಾದರೆ ಕುದುರೆಗಳಲ್ಲಿ ಮೋಸವೇ ಇಲ್ಲವೇ?

ಕುದುರೆ ತುಸು ಹೊತ್ತು ಹುಲ್ಲಿಗೆ ಬಾಯಿ ಹಾಕಿತು.

ಕುದುರೆ: ಕುದುರೆಗಳಲ್ಲಿ ಇಲ್ಲ. ಕಡಿವಾಣ ನನ್ನ ಬಾಯಲ್ಲಿರುತ್ತೆ, ಲಗಾಮು ಸವಾರನ ಕೈಲಿರುತ್ತೆ. ನಾಲ್ಕು ಓಟದಲ್ಲಿ ಎಳೆದು ಹಿಡಿದ್ರೆ ರೇಟಿಂಗ್ ಇಳಿಯುತ್ತೆ, ಐದನೇದಕ್ಕೆ ಬಿಟ್ರೆ ಗೆಲುವು. ಅದಕ್ಕೇ ಸ್ಟೀವರ್ಡ್‌ಗಳು ಇರೋದು. ಅನುಮಾನ ಬಂದ್ರೆ ಜಾಕೀನ ಕರೆಸಿ, ವಿಡಿಯೋ ಹಾಕಿ, ಯಾಕೆ ಎಳೆದೆ ಅಂತ ಕೇಳ್ತಾರೆ, ಸಸ್ಪೆಂಡೂ ಮಾಡ್ತಾರೆ. ಗಾಲ್ಫ್‌ನಲ್ಲಿ ಓಡೋನೂ ಅವನೇ, ಲಗಾಮು ಎಳೆಯೋನೂ ಅವನೇ. ಕರೆಸೋದು ಯಾರನ್ನ?

ಸಂಜೆಯಾಗುತ್ತಿತ್ತು. ಸ್ಟಡ್ ಫಾರ್ಮ್ ಜಾಗದಲ್ಲಿ ಟೌನ್‌ಶಿಪ್ ಮಾಡುವ ಸರ್ಕಾರದ ಯೋಚನೆ, ಅದಕ್ಕೆ ಎದ್ದ ವಿರೋಧ ಎರಡೂ ಕುದುರೆಗೆ ಗೊತ್ತಿದ್ದವು. ಟೌನ್‌ಶಿಪ್ ಜೊತೆ ಗಾಲ್ಫ್ ಮೈದಾನವೂ ಬಂದರೆ ಏನು ಮಾಡುವಿರಿ ಎಂದು ಪ್ರತಿನಿಧಿ ಕೊನೆಯ ಪ್ರಶ್ನೆ ಹಾಕಿದರು.

ಕುದುರೆ: ಮಾರ್ಕರ್ ಕೆಲಸಕ್ಕೆ ಅರ್ಜಿ ಹಾಕ್ತೀನಿ. ಸಂಬಳ ಬೇಡ, ದಿನಾ ಬೇಯಿಸಿದ ಹುರುಳಿ ಕೊಟ್ರೆ ಸಾಕು.

ಪ್ರತಿನಿಧಿ: ನಿಮಗೆ ಬರೆಯೋಕೆ ಬರಲ್ಲವಲ್ಲ ಅಜ್ಜಿ?

ಕುದುರೆ: ಅರ್ಜಿಯಲ್ಲಿ ಅದನ್ನೇ ಮೊದಲು ಹಾಕಪ್ಪ.